ಕತ್ತಲಲ್ಲಿ ಐಎಸ್‌ಒಗೆ ಹೆದರಬೇಡಿ

ದೀಪಾವಳಿ ಮುಗಿದು ವಾರ ಕಳೆಯುವಷ್ಟರಲ್ಲಿ ಶಿವಮೊಗ್ಗದ ನಮ್ಮ ಸ್ಟುಡಿಯೋಗೆ ಅಂಟಿಗೆ ಪಂಟಿಗೆಯ ಫೋಟೋಗಳು ಬರತೊಡಗುತ್ತವೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ರಾತ್ರಿ ದೀಪ ಹಿಡಿದು, ಹಾಡು ಹೇಳುತ್ತಾ ಮನೆ ಮನೆಗೆ ಹೋಗುತ್ತಾರಲ್ಲ, ಆ ಫೋಟೋಗಳು. ತಂದವರೆಲ್ಲರದೂ ಒಂದೇ ಮಾತು: 'ಸರ್, ಗ್ರೇನ್ಸ್ ಬಂದಿದೆ, ತೆಗೆದುಕೊಡಿ.' ಫೋಟೋ ಮೇಲೆ ಮರಳು ಚೆಲ್ಲಿದ ಹಾಗೆ ಕಾಣುವ ಚುಕ್ಕೆಗಳೇ ಈ ಗ್ರೇನ್ಸ್. ಐಎಸ್‌ಒ (ಫೋಟೋ ಎಷ್ಟು ಬೆಳಗಿ ಕಾಣಬೇಕು ಎಂದು ಕ್ಯಾಮೆರಾದಲ್ಲಿ ಇಡುವ ಅಂಕಿ) ಎಷ್ಟಿಟ್ಟಿದ್ದಿರಿ ಅಂತ ಕೇಳಿದರೆ, '400 ದಾಟಿಸಿಲ್ಲ ಸರ್, ಜಾಸ್ತಿ ಮಾಡಿದ್ರೆ ಗ್ರೇನ್ಸ್ ಬರುತ್ತಲ್ವಾ?'

ಈ ಉತ್ತರ ಕೇಳಿ ಕೇಳಿ ಬೇಜಾರಾಗಿಯೇ ಇದನ್ನು ಬರೆಯುತ್ತಿದ್ದೇನೆ. ಗ್ರೇನ್ಸ್ ಬರುವುದು ಐಎಸ್‌ಒ ಜಾಸ್ತಿ ಆದದ್ದಕ್ಕಲ್ಲ. ಬೆಳಕು ಕಡಿಮೆ ಆದದ್ದಕ್ಕೆ.

ಮಳೆಗಾಲದ ಮೊದಲ ಹನಿ ಬೀಳುವಾಗ ಅಂಗಳ ನೋಡಿದ್ದೀರಲ್ಲ? ಒಂದು ಕಡೆ ನಾಲ್ಕು ಹನಿ, ಪಕ್ಕದ ಗೇಣು ಜಾಗದಲ್ಲಿ ಒಂದೂ ಇಲ್ಲ. ಅಂಗಳವೆಲ್ಲ ಚುಕ್ಕೆ ಚುಕ್ಕೆ. ಅದೇ ಮಳೆ ಹತ್ತು ನಿಮಿಷ ಜಡಿದರೆ ಚುಕ್ಕೆ ಎಲ್ಲಿರುತ್ತದೆ? ಬೆಳಕೂ ಹಾಗೇ ಹನಿ ಹನಿಯಾಗಿ, ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರ್ ಮೇಲೆ ಬೀಳುತ್ತದೆ. ಒಂದೊಂದು ಪಿಕ್ಸೆಲ್‌ಗೆ ಸರಾಸರಿ 100 ಹನಿ ಬಿದ್ದರೆ ಸುಮಾರು 10 ಹನಿಯ ಏರುಪೇರು ಇರುತ್ತದೆ. ಅಂದರೆ ನೂರಕ್ಕೆ ಹತ್ತು. 10,000 ಬಿದ್ದರೆ ಏರುಪೇರು 100, ನೂರಕ್ಕೆ ಒಂದೇ. ನೂರಕ್ಕೆ ಇಷ್ಟು ಅನ್ನುವ ಆ ಏರುಪೇರೇ ನಿಮ್ಮ ಗ್ರೇನ್ಸ್. ಬೆಳಕು ನಾಲ್ಕು ಪಟ್ಟಾದರೆ ಅದು ಅರ್ಧಕ್ಕಿಳಿಯುತ್ತದೆ. ಫ್ಲ್ಯಾಶ್ ಹಾಕಿದರೆ ದೀಪದ ಬೆಳಕೇ ಸತ್ತುಹೋಗುತ್ತದೆ. ಉಳಿಯುವ ದಾರಿ ಎರಡು: ಅಪರ್ಚರ್, ಅಂದರೆ ಲೆನ್ಸಿನ ಕಿಂಡಿ, ಅಗಲ ಮಾಡಿ; ಕೈ ನಡುಗದಷ್ಟು ಶಟರ್ ನಿಧಾನ ಮಾಡಿ. ಐಎಸ್‌ಒ, ಬಿದ್ದಷ್ಟೇ ಬೆಳಕನ್ನು ಎತ್ತಿ ತೋರಿಸುತ್ತದೆ.

ಸರಿ, 400ರಲ್ಲೇ ಕಪ್ಪಗೆ ತೆಗೆದು ಆಮೇಲೆ ಕಂಪ್ಯೂಟರಿನಲ್ಲಿ ಬೆಳಗಿಸಿದರೆ? 3200 ಬೇಕಾದ ಕಡೆ 400 ಇಟ್ಟರೆ ಎಂಟು ಪಟ್ಟು ಎತ್ತಬೇಕು. ಬಿದ್ದ ಬೆಳಕು ಅಷ್ಟೇ, ಹಾಗಾಗಿ ಆ ಗ್ರೇನ್ಸ್ ಹಾಗೇ ಇರುತ್ತದೆ. ಜೊತೆಗೆ ಕ್ಯಾಮೆರಾದ ಸರ್ಕ್ಯೂಟ್ ಹುಟ್ಟಿಸುವ ಚುಕ್ಕೆ (ನಾಯ್ಸ್) ಕೂಡ ಮೇಲೆದ್ದು ಬರುತ್ತದೆ. ಕೆಲವು ಹೊಸ ಕ್ಯಾಮೆರಾಗಳ ರಾ ಫೈಲ್ (ಸೆನ್ಸರ್ ಕಂಡದ್ದನ್ನು ಹಾಗೇ ಇಟ್ಟ ಫೈಲ್) ಇದನ್ನು ತಡೆದುಕೊಳ್ಳುತ್ತದೆ, ಎಲ್ಲವೂ ಅಲ್ಲ. ಕ್ಯಾಮೆರಾ ತಾನೇ ಕುಗ್ಗಿಸಿ ಕೊಡುವ ಜೆಪೆಗ್ ಅಂತೂ ತಡೆಯುವುದೇ ಇಲ್ಲ. ಅದರಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು. 14 ಬಿಟ್ ರಾ ಫೈಲಿನಲ್ಲಿ 16,384. ಕತ್ತಲ ಭಾಗವನ್ನು ಎಳೆದರೆ ಜೆಪೆಗ್ ಪಟ್ಟೆ ಪಟ್ಟೆಯಾಗಿ ಒಡೆಯುತ್ತದೆ.

ಹೋದ ವರ್ಷ ಹೊಸನಗರ ಕಡೆಯ ಹುಡುಗನೊಬ್ಬ ಬಂದಿದ್ದ. ಒಳ್ಳೇ ಕಣ್ಣು ಅವನದು. ಅವನ ಅಜ್ಜಿ ಹೊಸ್ತಿಲಲ್ಲಿ ಬಗ್ಗಿ ದೀಪಕ್ಕೆ ಎಣ್ಣೆ ಎರೆಯುತ್ತಿರುವ ಫೋಟೋ. ಐಎಸ್‌ಒ 400, ಜೆಪೆಗ್. ಬೆಳಗಿಸಿದಾಗ ಕೆನ್ನೆ ಮೇಲೆ ನೇರಳೆ ಕಲೆ ಎದ್ದಿದೆ. ಅದನ್ನು ಅಳಿಸಲು ನಾಯ್ಸ್ ಸ್ಲೈಡರನ್ನು ಪೂರ್ತಿ ಎಳೆದಿದ್ದಾನೆ. ಮುಖದ ಸುಕ್ಕೂ ಹೋಯಿತು, ಸೀರೆಯ ನೇಯ್ಗೆಯೂ ಹೋಯಿತು. ಮೇಣದ ಬೊಂಬೆ. 'ಅಮ್ಮ ನೋಡಿ, ಇದ್ಯಾರೋ ಅಂದ್ರು ಸರ್' ಎಂದ. ನನಗೆ ಸಂಕಟವಾಯಿತು. ಅಂಥ ಮುಖದಿಂದ ತೆಗೆಯಬೇಕಾದದ್ದು ಏನೂ ಇರಲಿಲ್ಲ.

ಗ್ರೇನ್ಸ್‌ನಲ್ಲಿ ಎರಡು ಜಾತಿ. ಕೆಂಪು, ಹಸಿರು, ನೇರಳೆ ಚುಕ್ಕೆಗಳದ್ದು ಒಂದು. ಅದನ್ನು ಧಾರಾಳವಾಗಿ ತೆಗೆಯಿರಿ. ನಮ್ಮ ಕಣ್ಣು ಬಣ್ಣದ ಸೂಕ್ಷ್ಮವನ್ನು ಅಷ್ಟಾಗಿ ಗಮನಿಸುವುದಿಲ್ಲ. ರಾ ಫೈಲ್ ತೆರೆದರೆ ಫೋಟೋ ತಿದ್ದುವ ಸಾಫ್ಟ್‌ವೇರ್ ಲೈಟ್‌ರೂಮ್ ಬಣ್ಣದ ಚುಕ್ಕೆ ತೆಗೆಯುವ ಸ್ಲೈಡರನ್ನು ತಾನೇ 25ಕ್ಕೆ ಇಟ್ಟಿರುತ್ತದೆ. ಹೆಚ್ಚಿನ ಸಲ ಅದೇ ಸಾಕು. ಇನ್ನೊಂದು ಬೂದು ಗ್ರೇನ್ಸ್. ಸುಕ್ಕು, ಕೂದಲು, ನೇಯ್ಗೆ ಎಲ್ಲ ಇರುವುದು ಇದರ ಜೊತೆಯಲ್ಲೇ. ಇದರ ಸ್ಲೈಡರಿನಲ್ಲಿ ನಾನು 20 ದಾಟುವುದು ಅಪರೂಪ. ಲೈಟ್‌ರೂಮ್‌ಗೆ 2023ರಲ್ಲಿ ಬಂದ, ಗ್ರೇನ್ಸನ್ನು ತಾನೇ ತೆಗೆಯುವ ಎಐ ಡಿನಾಯ್ಸ್ ಚೆನ್ನಾಗಿದೆ, ಬಳಸುತ್ತೇನೆ. ಆದರೆ ಅದು ಇಲ್ಲದ್ದನ್ನು ಊಹಿಸಿ ತುಂಬುತ್ತದೆ. ಯಕ್ಷಗಾನದ ಕಿರೀಟ, ದೂರದ ಮುಖಗಳನ್ನು ಹಿಗ್ಗಿಸಿ ನೋಡಿಕೊಳ್ಳಿ.

ಬೇರೆಯದಕ್ಕೆಲ್ಲ ಸುಮ್ನೆ ಹಿಗ್ಗಿಸಿ ನೋಡಬೇಡಿ. 24 ಮೆಗಾಪಿಕ್ಸೆಲ್ ಫೋಟೋವನ್ನು ಸಾಮಾನ್ಯ ಮಾನಿಟರಿನಲ್ಲಿ 100 ಪರ್ಸೆಂಟ್ ಮಾಡಿದರೆ, ಐದು ಅಡಿ ಅಗಲದ ಪ್ರಿಂಟಿಗೆ ಮೂಗು ತಾಗಿಸಿ ನೋಡಿದ ಹಾಗೆ. ಆಲ್ಬಂನಲ್ಲಿ ಆ ಗ್ರೇನ್ಸ್ ಹೆಚ್ಚೂಕಡಿಮೆ ಕಾಣುವುದೇ ಇಲ್ಲ. ಮತ್ತೆ, ಮೂಲೆಯ ಕತ್ತಲನ್ನೂ ಬೆಳಗಿಸಬೇಕು ಅನ್ನುತ್ತಾರೆ. ಯಾಕೆ? ಅದು ರಾತ್ರಿ ಅಲ್ವಾ? ಕಪ್ಪಿರುವುದನ್ನು ಕಪ್ಪಾಗಿ ಬಿಟ್ಟರೆ ಅರ್ಧ ಗ್ರೇನ್ಸ್ ಅಲ್ಲೇ ಅಡಗುತ್ತದೆ.

ಈ ಸಲ ಅದೇ ಹುಡುಗ ಮೆಮೊರಿ ಕಾರ್ಡನ್ನೇ ತಂದ. ದೊಡ್ಡ ಉಪಕಾರ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಅದು ಕುಗ್ಗಿಯೇ ಬರುತ್ತದೆ, ದೂರದವರು ದಯವಿಟ್ಟು ಡಾಕ್ಯುಮೆಂಟ್ ಆಗಿ ಕಳಿಸಿ. ಕಾರ್ಡ್‌ನಲ್ಲಿದ್ದದ್ದು ರಾ ಫೈಲ್, ಐಎಸ್‌ಒ 6400. ಅದೇ ಹೊಸ್ತಿಲು, ಅದೇ ಅಜ್ಜಿ. ಬಣ್ಣದ ಚುಕ್ಕೆ ತೆಗೆದೆ, ಬೂದು ಗ್ರೇನ್ಸ್ ಮುಟ್ಟಲಿಲ್ಲ. 12×18 ಇಂಚಿನ ಪ್ರಿಂಟ್ ಹಾಕಿದೆ. ಹತ್ತು ನಿಮಿಷದ ಕೆಲಸ.