ಇಂಟರ್ನೆಟ್ ಸರಿಯಿದ್ದರೂ ಆಪ್‌ಗೆ ಸ್ಟ್ರೀಮಿಂಗ್ ಸ್ಟಿಕ್ ಕಾಣುವುದಿಲ್ಲವೇಕೆ?

ಪ್ರಶ್ನೆ: ಟಿವಿಗೆ ಸಿಕ್ಕಿಸಿರುವ ಸ್ಟ್ರೀಮಿಂಗ್ ಸ್ಟಿಕ್‌ನಲ್ಲಿ ರಿಮೋಟ್ ಹಿಡಿದು ಸಿನಿಮಾ ಹಾಕಿದರೆ ತಡೆಯಿಲ್ಲದೆ ಓಡುತ್ತದೆ. ಫೋನಿನಲ್ಲೂ ಇಂಟರ್ನೆಟ್ ಚೆನ್ನಾಗಿದೆ. ಎರಡೂ ಒಂದೇ ವೈ-ಫೈನಲ್ಲಿವೆ. ಆದರೂ ಫೋನಿನ ಆಪ್ ತೆರೆದರೆ ‘ಸಾಧನ ಸಿಗಲಿಲ್ಲ’ ಎನ್ನುತ್ತದೆ. ಸ್ಟಿಕ್ ಕೆಟ್ಟಿದೆಯೇ? ಹೊಸದು ಕೊಳ್ಳಬೇಕೇ?

ಉತ್ತರ: ಕೊಳ್ಳುವ ಮಾತು ಸದ್ಯಕ್ಕೆ ಬೇಡ. ರಿಮೋಟಿನಿಂದ ಸಿನಿಮಾ ಓಡುತ್ತಿದೆ ಎಂದಮೇಲೆ ಸ್ಟಿಕ್ ಬಹುಮಟ್ಟಿಗೆ ಆರೋಗ್ಯವಾಗಿಯೇ ಇದೆ. ಇಂಟರ್ನೆಟ್ ಸರಿಯಿದೆಯೋ ಇಲ್ಲವೋ ಎಂಬುದಕ್ಕೂ ನಿಮ್ಮ ತೊಂದರೆಗೂ ಹೆಚ್ಚಿನ ನಂಟಿಲ್ಲ. ಫೋನು ಹೊರಗಿನ ಜಗತ್ತನ್ನು ತಲುಪುತ್ತಿದೆ, ಸ್ಟಿಕ್ ಕೂಡ ತಲುಪುತ್ತಿದೆ. ಪಕ್ಕದಲ್ಲೇ ಇರುವ ಒಂದಕ್ಕೆ ಇನ್ನೊಂದು ಮಾತ್ರ ಸಿಗುತ್ತಿಲ್ಲ.

ಆಪ್ ತೆರೆದ ಕೂಡಲೇ ಫೋನು ಮಾಡುವ ಮೊದಲ ಕೆಲಸ ಒಂದು ಕೂಗು ಹಾಕುವುದು: ‘ಈ ಮನೆಯಲ್ಲಿ ವಿಡಿಯೊ ತೋರಿಸಬಲ್ಲವರು ಯಾರಿದ್ದೀರಿ?’ ಗೂಗಲ್‌ನ ಕ್ರೋಮ್‌ಕಾಸ್ಟ್ ಬಗೆಯ ಸಾಧನಗಳಿಗಾಗಿ ಈ ಕೂಗು 224.0.0.251 ಎಂಬ ಸಾಮೂಹಿಕ ವಿಳಾಸದ 5353ನೇ ಪೋರ್ಟ್‌ಗೆ, ಅಂದರೆ ಆ ಸಂಖ್ಯೆಯ ಬಾಗಿಲಿಗೆ, ಹೋಗುತ್ತದೆ; ರೋಕು ಎಂಬ ಇನ್ನೊಂದು ಕಂಪನಿಯ ಸ್ಟಿಕ್‌ಗಾಗಿ 239.255.255.250ರ 1900ನೇ ಪೋರ್ಟ್‌ಗೆ. ಕೇಳಿಸಿಕೊಂಡ ಸಾಧನ ತನ್ನ ಹೆಸರು, ವಿಳಾಸ ಹೇಳಿ ಉತ್ತರಿಸುತ್ತದೆ. ಆಗ ಆಪ್‌ನ ಪಟ್ಟಿಯಲ್ಲಿ ಅದರ ಹೆಸರು ಮೂಡುತ್ತದೆ. ಈ ಕೂಗು ಸಾಮಾನ್ಯವಾಗಿ ರೌಟರ್ ದಾಟಿ ಇನ್ನೊಂದು ನೆಟ್‌ವರ್ಕ್‌ಗೆ ಹೋಗುವುದಿಲ್ಲ. ಅದನ್ನು ರೂಪಿಸಿರುವುದೇ ಹಾಗೆ. ಹೆಸರನ್ನು ಒತ್ತಿದ ಮೇಲಂತೂ ಫೋನಿನ ಕೆಲಸ ಬಹಳ ಕಡಿಮೆ. ಯಾವ ವಿಡಿಯೊ ಎಂದು ಅದು ಹೇಳುತ್ತದೆ, ಸ್ಟಿಕ್ ತಾನೇ ನೇರವಾಗಿ ಇಂಟರ್ನೆಟ್‌ನಿಂದ ತಂದುಕೊಳ್ಳುತ್ತದೆ. ಹಾಗಾಗಿ ಇಂಟರ್ನೆಟ್ ವೇಗ ಎಷ್ಟೇ ಇರಲಿ, ಆ ಮೊದಲ ಕೂಗು ಮುಟ್ಟದಿದ್ದರೆ ಪಟ್ಟಿ ಖಾಲಿಯೇ.

ಕೂಗು ಎಲ್ಲಿ ನಿಂತುಹೋಗುತ್ತಿದೆ ಎಂದು ಹುಡುಕುವ ಮುನ್ನ ಸೆಟ್ಟಿಂಗ್ಸ್‌ಗೆ ಕೈ ಹಾಕಬೇಡಿ. ಇನ್ನೊಬ್ಬರ ಫೋನನ್ನು ಅದೇ ವೈ-ಫೈಗೆ ಸೇರಿಸಿ ನೋಡಿ. ಆ ಫೋನಿಗೆ ಸ್ಟಿಕ್ ಕಂಡರೆ ತಪ್ಪು ನಿಮ್ಮ ಫೋನಿನದು. ಯಾವ ಫೋನಿಗೂ ಕಾಣದಿದ್ದರೆ ರೌಟರ್ ಅಥವಾ ಸ್ಟಿಕ್ ಕಡೆ ತಿರುಗಬಹುದು. ಅರ್ಧ ತಲೆನೋವು ಇಲ್ಲೇ ಕಳೆಯುತ್ತದೆ, ಆದರೂ ಇದನ್ನು ಮಾಡಿ ನೋಡುವವರು ಕಡಿಮೆ. ಪರೀಕ್ಷೆಗೆ ಯೂಟ್ಯೂಬ್ ಆಪ್ ಬಳಸುವುದಾದರೆ ಒಂದು ಎಚ್ಚರಿಕೆ: ಹಿಂದೆಂದೋ ಟಿವಿ ಕೋಡ್ ಕೊಟ್ಟು ಜೋಡಿಸಿದ್ದರೆ ಅದು ಇಂಟರ್ನೆಟ್ ಮೂಲಕವೇ ಟಿವಿಯನ್ನು ತಲುಪುತ್ತದೆ. ಅಲ್ಲಿ ಟಿವಿಯ ಹೆಸರು ಕಂಡಿತೆಂದು ಮನೆಯ ನೆಟ್‌ವರ್ಕ್ ಸರಿಯಿದೆ ಎಂದುಕೊಳ್ಳಬೇಡಿ.

ತಪ್ಪು ಫೋನಿನದಾದರೆ ಮೊದಲು ಅನುಮತಿಯನ್ನೇ ಶಂಕಿಸಿ. 2020ರಲ್ಲಿ ಬಂದ ಐಒಎಸ್ 14ರಿಂದ ಈಚೆಗೆ ಐಫೋನಿನ ಪ್ರತಿ ಆಪ್ ಮನೆಯ ನೆಟ್‌ವರ್ಕ್‌ನಲ್ಲಿ ಹುಡುಕಾಡಲು ನಿಮ್ಮ ಒಪ್ಪಿಗೆ ಪಡೆಯಬೇಕು. ಆಪ್ ಹಾಕಿಕೊಂಡ ಹೊಸತರಲ್ಲಿ ಒಂದು ಪುಟ್ಟ ಚೌಕ ಮೂಡಿ ಕೇಳಿರುತ್ತದೆ. ನಾವು ಓದದೆ ‘ಬೇಡ’ ಎಂದಿರುತ್ತೇವೆ. ಅದು ಮತ್ತೆ ಕೇಳುವುದಿಲ್ಲ, ಆಪ್ ಕೂಡ ನಿಜವಾದ ಕಾರಣ ಹೇಳದೆ ‘ಸಾಧನ ಸಿಗಲಿಲ್ಲ’ ಎಂದು ಕೈ ತೊಳೆದುಕೊಳ್ಳುತ್ತದೆ. ಸೆಟ್ಟಿಂಗ್ಸ್‌ನಲ್ಲಿ ‘ಪ್ರೈವೆಸಿ ಅಂಡ್ ಸೆಕ್ಯುರಿಟಿ’, ಅದರೊಳಗೆ ‘ಲೋಕಲ್ ನೆಟ್‌ವರ್ಕ್’ ತೆರೆದು ಆಪ್‌ನ ಎದುರಿನ ಗುಂಡಿಯನ್ನು ಆನ್ ಮಾಡಿ. ಆಂಡ್ರಾಯ್ಡ್‌ನಲ್ಲಿ ಆಪ್‌ನ ಅನುಮತಿಗಳ ಪಟ್ಟಿಯೊಳಗೆ ‘ನಿಯರ್‌ಬೈ ಡಿವೈಸಸ್’ ಎಂಬುದಿದೆಯೇ ನೋಡಿ, ಇದ್ದರೆ ಒಪ್ಪಿಗೆ ಕೊಡಿ. ಒಂದೇ ಫೋನಿನಲ್ಲಿ ಒಂದು ಆಪ್‌ಗೆ ಸ್ಟಿಕ್ ಕಂಡು ಇನ್ನೊಂದಕ್ಕೆ ಕಾಣದಿದ್ದರೆ ಈ ಅನುಮತಿಯ ಮೇಲೆಯೇ ಅನುಮಾನ ಹೆಚ್ಚು.

ಎರಡನೆಯ ಶಂಕಿತ ವಿಪಿಎನ್, ಅಂದರೆ ಫೋನಿನ ಸಂಪರ್ಕವನ್ನು ಗುಟ್ಟಾಗಿ ಬೇರೊಂದು ಸರ್ವರ್ ಮೂಲಕ ಸಾಗಿಸುವ ಸೌಲಭ್ಯ. ಅದು ಚಾಲೂ ಇದ್ದರೆ ಫೋನಿನ ಮಾತೆಲ್ಲ ಸುರಂಗದೊಳಗೆ ನುಗ್ಗಿ ಎಲ್ಲೋ ದೂರದ ಸರ್ವರ್‌ಗೆ ಹೋಗಬಹುದು. ಎದುರಿಗಿರುವ ಟಿವಿಗೆ ಅದರ ಸುಳಿವೂ ಸಿಗುವುದಿಲ್ಲ. ಜಾಹೀರಾತು ತಡೆಯುವ ಕೆಲವು ಆಪ್‌ಗಳು ಒಳಗೊಳಗೇ ವಿಪಿಎನ್ ರೂಪದಲ್ಲಿ ಕೆಲಸ ಮಾಡುವುದರಿಂದ ಅವನ್ನೂ ಕೆಲಹೊತ್ತು ನಿಲ್ಲಿಸಿ ನೋಡಿ. ಹಾಗೆಯೇ, ವೈ-ಫೈ ದುರ್ಬಲವಾದಾಗ ಫೋನು ಹೇಳದೆ ಕೇಳದೆ ಮೊಬೈಲ್ ಡೇಟಾಗೆ ಜಾರಿಕೊಂಡಿರಬಹುದು.

ಯಾವ ಫೋನಿಗೂ ಕಾಣುತ್ತಿಲ್ಲವೇ? ಹಾಗಾದರೆ ‘ಎರಡೂ ಒಂದೇ ವೈ-ಫೈನಲ್ಲಿವೆ’ ಎಂಬ ನಿಮ್ಮ ಮಾತನ್ನು ಸ್ವಲ್ಪ ಪರೀಕ್ಷಿಸಬೇಕಾಗುತ್ತದೆ. ವೈ-ಫೈನ ಹೆಸರು ಒಂದೇ ಇದ್ದ ಮಾತ್ರಕ್ಕೆ ನೆಟ್‌ವರ್ಕ್ ಒಂದೇ ಆಗಿರಬೇಕಿಲ್ಲ. ಫೋನಿನ ವೈ-ಫೈ ವಿವರದಲ್ಲಿರುವ ಐಪಿ ವಿಳಾಸವನ್ನು, ಅಂದರೆ ನೆಟ್‌ವರ್ಕ್‌ನಲ್ಲಿ ಸಾಧನವನ್ನು ಗುರುತಿಸುವ ಸಂಖ್ಯೆಯನ್ನು, ಬರೆದುಕೊಳ್ಳಿ. ಸ್ಟಿಕ್‌ನ ನೆಟ್‌ವರ್ಕ್ ಪುಟದಲ್ಲೂ ಅದೇ ವಿವರವಿರುತ್ತದೆ. ಫೋನಿನದು 192.168.1.23, ಸ್ಟಿಕ್‌ನದು 192.168.1.40 ಎಂದಿದ್ದರೆ ಮೊದಲ ಮೂರು ಭಾಗ ಒಂದೇ ಆಗಿರುವುದರಿಂದ ಮನೆಗಳ ಸಾಮಾನ್ಯ ವ್ಯವಸ್ಥೆಯಲ್ಲಿ ಎರಡೂ ಒಂದೇ ನೆಟ್‌ವರ್ಕ್‌ನವು. ಸ್ಟಿಕ್‌ನದು 192.168.0.7 ಎಂದಿದ್ದರೆ ಕಳ್ಳ ಸಿಕ್ಕ ಹಾಗೆಯೇ. ಇಂಟರ್ನೆಟ್ ಕಂಪನಿ ಕೊಟ್ಟ ಪೆಟ್ಟಿಗೆಯೂ ರೌಟರ್, ನೀವು ಕೊಂಡು ತಂದದ್ದೂ ರೌಟರ್. ಎರಡೂ ತಮ್ಮ ತಮ್ಮ ಸಾಧನಗಳಿಗೆ ಬೇರೆ ಬೇರೆ ವಿಳಾಸ ಹಂಚುತ್ತಿರುತ್ತವೆ. ಫೋನು, ಸ್ಟಿಕ್ ಎರಡನ್ನೂ ಒಂದೇ ಪೆಟ್ಟಿಗೆಗೆ ಸೇರಿಸಿ ಅಥವಾ ಎರಡನೆಯ ರೌಟರನ್ನು ತಾನೇ ವಿಳಾಸ ಹಂಚದೆ ವೈ-ಫೈ ಮಾತ್ರ ಒದಗಿಸುವ ‘ಆಕ್ಸೆಸ್ ಪಾಯಿಂಟ್’ ವಿಧಾನಕ್ಕೆ ಬದಲಿಸಿ.

ವಿಳಾಸಗಳು ಹೊಂದಿಕೊಂಡರೂ ಕೂಗು ಮುಟ್ಟದಿರಬಹುದು. ರೌಟರ್‌ನ ವೈ-ಫೈ ಪುಟದಲ್ಲಿ ‘ಎಪಿ ಐಸೋಲೇಷನ್’ ಅಥವಾ ‘ಕ್ಲೈಂಟ್ ಐಸೋಲೇಷನ್’ ಎಂಬ ಆಯ್ಕೆ ಇರುತ್ತದೆ. ಅದು ಆನ್ ಆಗಿದ್ದರೆ ಪ್ರತಿ ಸಾಧನವೂ ಇಂಟರ್ನೆಟ್ ತಲುಪಬಹುದು, ಆದರೆ ಪರಸ್ಪರ ಮಾತಾಡುವಂತಿಲ್ಲ. ಅತಿಥಿಗಳಿಗೆಂದು ಇಡುವ ಗೆಸ್ಟ್ ವೈ-ಫೈನಲ್ಲಿ ಸಾಮಾನ್ಯವಾಗಿ ಇದೇ ನಿಯಮ. ಅಪರಿಚಿತರು ನಿಮ್ಮ ಕಂಪ್ಯೂಟರ್ ಇಣುಕದಿರಲೆಂದು ಮಾಡಿದ ಒಳ್ಳೆಯ ಏರ್ಪಾಡು ಅದು. ಅದನ್ನು ತೆಗೆಯುವ ಬದಲು ಸ್ಟಿಕ್ಕನ್ನೇ ಮುಖ್ಯ ವೈ-ಫೈಗೆ ತನ್ನಿ.

ಫೋನು, ಸ್ಟಿಕ್ ಇವುಗಳಲ್ಲಿ ಒಂದು ವೈ-ಫೈನ 2.4 ಗಿಗಾಹರ್ಟ್ಸ್ ತರಂಗದಲ್ಲಿ, ಇನ್ನೊಂದು 5ರಲ್ಲಿ ಇದ್ದರೆ ಜೋಡಣೆಯಾಗುವುದೇ ಇಲ್ಲ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ನಾನು ಅದನ್ನು ಹೆಚ್ಚು ನಂಬುವುದಿಲ್ಲ. ಸರಿಯಾಗಿ ಕೆಲಸ ಮಾಡುವ ರೌಟರ್‌ನಲ್ಲಿ ಇವೆರಡೂ ಒಂದೇ ನೆಟ್‌ವರ್ಕ್‌ನ ಎರಡು ಬಾಗಿಲು. 2013ರ ಮೊದಲ ಕ್ರೋಮ್‌ಕಾಸ್ಟ್‌ಗೆ 2.4 ಮಾತ್ರ ಗೊತ್ತಿತ್ತು. 5ರಲ್ಲಿದ್ದ ಫೋನುಗಳು ಅದರೊಡನೆ ಮಾತಾಡುತ್ತಲೇ ಇದ್ದವು. ಆದರೆ ಕೆಲವು ರೌಟರ್‌ಗಳು, ಸಿಗ್ನಲ್ ವಿಸ್ತರಿಸುವ ಎಕ್ಸ್‌ಟೆಂಡರ್‌ಗಳು ಸಾಮೂಹಿಕ ಸಂದೇಶಗಳನ್ನು ಒಂದು ಬದಿಯಿಂದ ಇನ್ನೊಂದಕ್ಕೆ ದಾಟಿಸುವಲ್ಲಿ ಎಡವುತ್ತವೆ. ಸ್ಟಿಕ್ ಒಮ್ಮೆ ಕಂಡು ಮತ್ತೆ ಮಾಯವಾಗುತ್ತಿದ್ದರೆ ರೌಟರ್‌ನ ಪ್ಲಗ್ ಕಿತ್ತು, ಅರ್ಧ ನಿಮಿಷ ಬಿಟ್ಟು ಹಾಕಿ. ಸ್ಟಿಕ್‌ಗೂ ಹಾಗೆಯೇ ಮಾಡಿ. ಸ್ಟಿಕ್‌ಗೆ ವಿದ್ಯುತ್ತು ಟಿವಿಯ ಯುಎಸ್‌ಬಿ ಕಿಂಡಿಯಿಂದ ಬರುತ್ತಿದ್ದರೆ ಅದರ ಜೊತೆಗೆ ಕೊಟ್ಟ ಅಡಾಪ್ಟರ್ ಬಳಸಿ.

ರೋಕು ಇರುವವರು ಇನ್ನೊಂದು ಕಡೆ ನೋಡಬೇಕು. ಅದರ ಸುಧಾರಿತ ಸಿಸ್ಟಮ್ ಸೆಟ್ಟಿಂಗ್ಸ್‌ನಲ್ಲಿ ಮೊಬೈಲ್ ಆಪ್‌ಗಳಿಂದ ನಿಯಂತ್ರಣಕ್ಕೆ ಸಂಬಂಧಿಸಿದ ಆಯ್ಕೆಯಿದೆ. ಅದನ್ನು ಮುಚ್ಚಿಟ್ಟಿದ್ದರೆ ಉಳಿದದ್ದೆಲ್ಲ ಸರಿಯಿದ್ದರೂ ಆಪ್‌ಗೆ ಪ್ರವೇಶವಿಲ್ಲ.

ಎಲ್ಲವನ್ನೂ ಅಳಿಸಿ ಸ್ಟಿಕ್ಕನ್ನು ಹೊಸದರ ಸ್ಥಿತಿಗೆ ತರುವ ಫ್ಯಾಕ್ಟರಿ ರೀಸೆಟ್ ಮಾತ್ರ ಕಟ್ಟಕಡೆಗೆ ಇಟ್ಟುಕೊಳ್ಳಿ. 2025ರ ಮಾರ್ಚ್‌ನಲ್ಲಿ ಎರಡನೆಯ ತಲೆಮಾರಿನ ಕ್ರೋಮ್‌ಕಾಸ್ಟ್‌ಗಳು ಜಗತ್ತಿನಾದ್ಯಂತ ಒಮ್ಮೆಲೇ ಕೈಕೊಟ್ಟವು. ಅವುಗಳ ಗುರುತನ್ನು ದೃಢಪಡಿಸುವ ಡಿಜಿಟಲ್ ಪ್ರಮಾಣಪತ್ರದ ಅವಧಿ ಮುಗಿದಿತ್ತು. ಮನೆಯ ರೌಟರ್‌ಗಾಗಲಿ ಫೋನಿಗಾಗಲಿ ಅದರಲ್ಲಿ ಪಾತ್ರವಿರಲಿಲ್ಲ. ರೀಸೆಟ್ ಮಾಡಬೇಡಿ ಎಂದು ಗೂಗಲ್ ಆಗ ಬಳಕೆದಾರರಿಗೆ ಹೇಳಿತು, ಕೆಲವೇ ದಿನಗಳಲ್ಲಿ ಪರಿಹಾರವನ್ನೂ ಕಳುಹಿಸಿತು. ಅವಸರದಲ್ಲಿ ರೀಸೆಟ್ ಮಾಡಿದವರಿಗೆ ತೊಂದರೆ ಇನ್ನಷ್ಟು ಬೆಳೆಯಿತು: ರಿಮೋಟ್ ಇಲ್ಲದ ಆ ಸಾಧನವನ್ನು ಮತ್ತೆ ಹೊಂದಿಸಲು ಫೋನಿನ ಆಪ್ ಬೇಕು, ಆ ಆಪ್ ಸಾಧನವನ್ನು ಒಪ್ಪಲು ಸಿದ್ಧವಿರಲಿಲ್ಲ.