ಹಂದಿಗೋಡು ಕಾಯಿಲೆ ಮತ್ತು ನೋವಿನ ಅಧ್ಯಯನ

ಸಾಗರ ತಾಲ್ಲೂಕಿನ ಹಂದಿಗೋಡು ಎಂಬ ಹಳ್ಳಿಯ ಹೆಸರು ವೈದ್ಯಕೀಯ ಗ್ರಂಥಗಳನ್ನು ಸೇರಿದ್ದು ಒಂದು ಕಾಯಿಲೆಯ ಮೂಲಕ. 1970ರ ದಶಕದ ನಡುಭಾಗದಲ್ಲಿ ಅಲ್ಲಿನ ಬಡ ಕೂಲಿ ಕುಟುಂಬಗಳಲ್ಲಿ ಸೊಂಟದ ಮತ್ತು ಮಂಡಿಯ ಕೀಲುಗಳು ನೋಯತೊಡಗಿ, ವರ್ಷ ಕಳೆದಂತೆ ನಡಿಗೆ ಕುಂದಿ, ಕೆಲವರು ಎದ್ದು ನಿಲ್ಲಲೂ ಆಗದ ಸ್ಥಿತಿ ತಲುಪಿದ್ದು ಹೊರಗಿನವರ ಗಮನಕ್ಕೆ ಬಂತು. ಚಿಕ್ಕಮಗಳೂರು ಜಿಲ್ಲೆಯ ಹಳ್ಳಿಗಳಲ್ಲೂ ಇವೇ ಲಕ್ಷಣಗಳು ಕಂಡವು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೃಷ್ಣಮಾಚಾರಿ ಮತ್ತು ರಮೇಶ್ ಭಟ್ 1978ರಲ್ಲಿ ಇದನ್ನು ಮಲೆನಾಡಿನ ಕೌಟುಂಬಿಕ ಸಂಧಿವಾತವೆಂದು ವಿವರಿಸಿ ಪ್ರಬಂಧ ಪ್ರಕಟಿಸಿದರು.

ಕಾಯಿಲೆ ಏಕೆ ಬಂತು ಎಂಬುದೇ ಆಗಿನ ಪ್ರಶ್ನೆಯಾಗಿತ್ತು. ಬಡವರು ಗದ್ದೆಯ ಏಡಿ ಹಿಡಿದು ತಿನ್ನುತ್ತಿದ್ದುದರಿಂದ, ಗದ್ದೆಗೆ ಸಿಂಪಡಿಸಿದ ಕೀಟನಾಶಕ ಏಡಿಯ ಮೂಲಕ ಮೈ ಸೇರಿತೇ ಎಂಬ ಶಂಕೆ ಬಲವಾಗಿತ್ತು. ಮುಂದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತನಿಖೆಗಳು ನಡೆದು, ವಂಶಾವಳಿಗಳನ್ನು ಬಿಡಿಸಿ ನೋಡಿದಾಗ ಕಾಯಿಲೆ ಆನುವಂಶಿಕವೆಂದೂ, ತಂದೆತಾಯಿಯರಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಬರುವ ಸಂಭವ ಅರ್ಧದಷ್ಟೆಂದೂ ತಿಳಿಯಿತು. ಕಾರಣ ಏಡಿಯಾಗಿದ್ದರೆ ಅದನ್ನು ತಿನ್ನುವುದನ್ನು ಬಿಡಬಹುದಿತ್ತು. ರಕ್ತದಲ್ಲೇ ಬಂದುದನ್ನು ಬಿಡುವ ದಾರಿಯಿಲ್ಲ. ಹೀಗಾಗಿ ಹಂದಿಗೋಡಿನವರ ಪಾಲಿಗೆ ನೋವಿನ ನಿರ್ವಹಣೆಯೇ ಮುಖ್ಯ ಚಿಕಿತ್ಸೆಯಾಗಿ ಉಳಿಯುತ್ತದೆ. ನನಗೆ ಈ ವಿಷಯ ಮುಖ್ಯವೆನಿಸುವುದು ಇಲ್ಲಿಯೇ.

ನೋವು ತಾನಾಗಿಯೇ ಅಧ್ಯಯನದ ವಸ್ತುವಾದದ್ದು ವೈದ್ಯಶಾಸ್ತ್ರದಲ್ಲೂ ತಡವಾಗಿಯೇ. ಹಗ್ಗ ಎಳೆದರೆ ಗಂಟೆ ಬಾರಿಸುವಂತೆ, ಗಾಯವಾದಲ್ಲಿಂದ ಹೊರಟ ಸಂದೇಶ ಮಿದುಳಿಗೆ ಮುಟ್ಟಿದರೆ ನೋವು ಎಂದು ಫ್ರಾನ್ಸಿನ ತತ್ತ್ವಜ್ಞಾನಿ ದೆಕಾರ್ತ್ 17ನೇ ಶತಮಾನದಲ್ಲಿ ಹೇಳಿದ್ದು ಬಹುಕಾಲ ನಡೆದುಬಂತು. ಆ ಲೆಕ್ಕದಲ್ಲಿ ಗಾಯ ಎಷ್ಟೋ ನೋವೂ ಅಷ್ಟೇ ಇರಬೇಕು. 1965ರಲ್ಲಿ ಕೆನಡಾದ ಮನಶ್ಶಾಸ್ತ್ರಜ್ಞ ರೊನಾಲ್ಡ್ ಮೆಲ್ಜ್ಯಾಕ್ ಮತ್ತು ಇಂಗ್ಲೆಂಡಿನ ನರವಿಜ್ಞಾನಿ ಪ್ಯಾಟ್ರಿಕ್ ವಾಲ್ ಈ ಎಣಿಕೆಯನ್ನು ಮುರಿದರು. ಬೆನ್ನುಹುರಿಯಲ್ಲಿ ಬಾಗಿಲಿನಂಥ ಒಂದು ವ್ಯವಸ್ಥೆಯಿದ್ದು, ಮೈಯಿಂದ ಬರುವ ಇತರ ಸ್ಪರ್ಶಗಳೂ ಮಿದುಳಿನಿಂದ ಇಳಿದುಬರುವ ಆಣತಿಗಳೂ ಅದನ್ನು ತೆರೆಯುತ್ತವೆ ಅಥವಾ ಮುಚ್ಚುತ್ತವೆ ಎಂಬುದು ಅವರ ವಾದ. ಕಾಲು ಎಡವಿದಾಗ ಬೆರಳನ್ನು ತಿಕ್ಕಿಕೊಂಡರೆ ಹಿತವೆನಿಸುವುದಕ್ಕೂ, ಭಯವಿದ್ದಾಗ ಅದೇ ನೋವು ಹೆಚ್ಚಾಗುವುದಕ್ಕೂ ಇದರಿಂದ ವಿವರಣೆ ಸಿಕ್ಕಿತು. ಆ ಸಿದ್ಧಾಂತದ ಕೆಲವು ವಿವರಗಳು ಮುಂದೆ ತಿದ್ದುಪಡಿಯಾದರೂ ಅದರ ತಿರುಳು ಉಳಿದಿದೆ.

ಮೆಲ್ಜ್ಯಾಕ್ 1975ರಲ್ಲಿ ನೋವನ್ನು ಬಣ್ಣಿಸುವ 78 ಪದಗಳನ್ನು 20 ಗುಂಪುಗಳಾಗಿಸಿ ಒಂದು ಪ್ರಶ್ನಾವಳಿ ರಚಿಸಿದರು. ರೋಗಿಯ ಮಾತಿಗೆ ಪುರಾವೆಯ ಬೆಲೆ ಬಂದದ್ದು ಇಂಥ ಕೆಲಸದಿಂದ. ನಮ್ಮ ಕಡೆಯ ಚಳಕು, ಸೆಳೆತ, ಉಳುಕು, ಜೋಮು, ಉರಿ ಇವೆಲ್ಲ ಒಂದೇ ನೋವಲ್ಲವೆಂದು ಹೇಳುವವರಿಗೆ ಗೊತ್ತು; ಬರೆದುಕೊಳ್ಳುವವರು ಮಾತ್ರ ಎಲ್ಲವನ್ನೂ ‘ಕಾಲುನೋವು’ ಎಂದು ಬರೆದು ಮುಗಿಸುತ್ತಾರೆ.

ಪುನಶ್ಚೇತನದ ದಾರಿ ತೋರಿದವರು ಅಮೆರಿಕದ ಮನಶ್ಶಾಸ್ತ್ರಜ್ಞ ವಿಲ್ಬರ್ಟ್ ಫೋರ್ಡೈಸ್. ನೋವು ಬಂದಾಗ ನಿಲ್ಲಿಸುವ ಬದಲು, ಮೊದಲೇ ಗೊತ್ತುಮಾಡಿದಷ್ಟು ನಡೆದು ಆ ಅಳತೆಯನ್ನು ಮೆಲ್ಲಗೆ ಏರಿಸುವುದು ಅವರ ಕ್ರಮ. ಆದರೆ ಹಂದಿಗೋಡಿನಂಥ ಕಾಯಿಲೆಯಲ್ಲಿ ಕೀಲು ನಿಜಕ್ಕೂ ಸವೆದಿರುವುದರಿಂದ ಈ ಕ್ರಮವನ್ನು ಹಾಗೆಯೇ ಎತ್ತಿ ತರುವಂತಿಲ್ಲ. ಕೀಲಿನ ಮೇಲಿನ ಭಾರ ತಗ್ಗಿಸಿ, ಸುತ್ತಲಿನ ಸ್ನಾಯುಗಳನ್ನು ಬಲಪಡಿಸುವುದೂ ಜೊತೆಗೆ ಆಗಬೇಕು. ತೀರಾ ಸವೆದ ಸೊಂಟದ ಕೀಲನ್ನು ಶಸ್ತ್ರಚಿಕಿತ್ಸೆಯಿಂದ ಬದಲಿಸಬಹುದಾದರೂ, ಆಮೇಲೆ ಕುಕ್ಕರುಗಾಲಲ್ಲಿ ಕೂರುವುದನ್ನೂ ಚಕ್ಕಳಮಕ್ಕಳ ಹಾಕುವುದನ್ನೂ ಸಾಮಾನ್ಯವಾಗಿ ಬಿಡಬೇಕಾಗುತ್ತದೆ. ಬಗ್ಗಿ ಸಸಿ ನೆಡುವ, ನೆಲದಲ್ಲಿ ಕೂತು ಅಡಿಕೆ ಸುಲಿಯುವ ಕೂಲಿಯವರಿಗೆ ಇದು ಸಣ್ಣ ಮಾತಲ್ಲ.

2022ರಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯು ಮೂರು ತಿಂಗಳಿಗೂ ಮೀರಿದ ನೋವಿಗೆ ಪ್ರತ್ಯೇಕ ಸ್ಥಾನ ಕೊಟ್ಟಿದೆ. ಹಂದಿಗೋಡಿನ ಮನೆಗಳಿಗೆ ಅದರ ಫಲ ಮುಟ್ಟಬೇಕಾದರೆ ಫಿಸಿಯೋಥೆರಪಿ ತಿಳಿದವರು ಮನೆಬಾಗಿಲಿಗೇ ಬರಬೇಕು. ಅಂಗಳದ ಇಳಿಜಾರಿಗೆ ಹಿಡಿಕಂಬಿ, ಅಡಿಕೆ ಸುಲಿಯಲು ಎತ್ತರದ ಆಸನ, ಎದ್ದುಕೂರಲು ಅನುವಾದ ಶೌಚಾಲಯ ಇವನ್ನೂ ಚಿಕಿತ್ಸೆಯ ಚೀಟಿಯಲ್ಲಿ ಬರೆಯಬೇಕು.