ಒಂದು ಸಂಖ್ಯೆಯಿಂದ ಇನ್ನೊಂದಕ್ಕೆ ಅತಿ ಕಡಿಮೆ ಹೆಜ್ಜೆ: ಬಿಎಫ್‌ಎಸ್ ಟಿಪ್ಪಣಿ

ಲೆಕ್ಕ ಇಷ್ಟು: ಕೈಯಲ್ಲಿ 3 ಇದೆ, 22 ಬೇಕು. ಒಂದು ಹೆಜ್ಜೆಯಲ್ಲಿ ಸಂಖ್ಯೆಯನ್ನು ದುಪ್ಪಟ್ಟು ಮಾಡಬಹುದು, ಇಲ್ಲವೇ 1 ಕಳೆಯಬಹುದು. ಕನಿಷ್ಠ ಎಷ್ಟು ಹೆಜ್ಜೆ?

ಥಟ್ಟನೆ ಹೊಳೆಯುವುದು, ಗುರಿ ದಾಟುವವರೆಗೆ ದುಪ್ಪಟ್ಟು ಮಾಡಿ ಆಮೇಲೆ ಇಳಿಯುವುದು: 3, 6, 12, 24, 23, 22. ಐದು ಹೆಜ್ಜೆ. ಆದರೆ 3, 6, 12, 11, 22 ಎಂದು ಹೋದರೆ ನಾಲ್ಕೇ ಸಾಕು. ದುಪ್ಪಟ್ಟಿಗೆ ಮೊದಲು ಕಳೆದ 1, ದುಪ್ಪಟ್ಟಾದ ಮೇಲೆ ಕಳೆದ 2ಕ್ಕೆ ಸಮ. ಈ ಮಾತನ್ನು ನೆನಪಿಡಿ, ಮುಂದೆ ಮತ್ತೆ ಬೇಕಾಗುತ್ತದೆ.

ಪ್ರತಿ ಸಂಖ್ಯೆಯನ್ನೂ ಒಂದು ನೋಡ್ (ಬಿಂದು) ಎಂದುಕೊಳ್ಳಿ, ಒಂದೇ ಹೆಜ್ಜೆಯಲ್ಲಿ ತಲುಪಬಹುದಾದ ಸಂಖ್ಯೆಗೆ ಬಾಣ ಎಳೆಯಿರಿ. ಅಲ್ಲಿಗೆ ಇದು ಗ್ರಾಫ್ ಆಯಿತು. ಎಲ್ಲ ಹೆಜ್ಜೆಗೂ ಒಂದೇ ಬೆಲೆ ಇರುವುದರಿಂದ ಬ್ರೆಡ್ತ್ ಫಸ್ಟ್ ಸರ್ಚ್, ಅಂದರೆ ಬಿಎಫ್‌ಎಸ್, ಸಾಕು. ಆರಂಭದ ಸಂಖ್ಯೆಯನ್ನು ಕ್ಯೂಗೆ ಹಾಕಿ, ಅದರ ದೂರ 0 ಎಂದು ಬರೆಯಿರಿ. ಕ್ಯೂನ ಮುಂದಿನ ಸಂಖ್ಯೆಯನ್ನು ತೆಗೆದು, ಅದರಿಂದ ಹುಟ್ಟುವ ಎರಡು ಸಂಖ್ಯೆಗಳಲ್ಲಿ ಇನ್ನೂ ನೋಡದವಕ್ಕೆ 'ದೂರ + 1' ಬರೆದು ಹಿಂದೆ ಸೇರಿಸಿ. ಗುರಿ ಸಿಕ್ಕ ಕೂಡಲೇ ನಿಲ್ಲಿಸಿ.

ಕಾಗದದ ಮೇಲೆ ಒಮ್ಮೆ ಮಾಡಿ ನೋಡಿ. ದೂರ 1ರಲ್ಲಿ 6, 2. ದೂರ 2ರಲ್ಲಿ 12, 5, 4, 1. ದೂರ 3ರಲ್ಲಿ 11, 10, 8 ಮಾತ್ರ: 5ರಿಂದ ಬರುವ 4, 4ರಿಂದ ಬರುವ 3, 1ರಿಂದ ಬರುವ 2 ಆಗಲೇ ಬಂದುಹೋಗಿವೆ; 12ರ ದುಪ್ಪಟ್ಟು 24, 1ರಿಂದ ಬರುವ 0 ಏಕಿಲ್ಲ ಎಂಬುದನ್ನು ಮುಂದೆ ನೋಡೋಣ. ದೂರ 4ರಲ್ಲಿ 11ರ ದುಪ್ಪಟ್ಟು 22. ಒಂದು ದೂರದ ಸಂಖ್ಯೆಗಳೆಲ್ಲ ಮುಗಿಯದೆ ಮುಂದಿನ ದೂರದ ಸಂಖ್ಯೆ ಕ್ಯೂನಿಂದ ಹೊರಬರುವುದಿಲ್ಲ. ಹಾಗಾಗಿ ಮೊದಲ ಸಲ ಸಿಕ್ಕ ದಾರಿಯೇ ಅತಿ ಚಿಕ್ಕದು.

ಮೇಲೆ 12ರ ದುಪ್ಪಟ್ಟು 24ನ್ನು ಕೈಬಿಟ್ಟಿದ್ದೇವೆ. ಎಲ್ಲಿಯವರೆಗೆ ಹುಡುಕಬೇಕು ಎಂಬ ಈ ಮಿತಿಯನ್ನು ಬಹಳ ಮಂದಿ 1,00,000 ಎಂದೋ ಗುರಿಯ ಎರಡರಷ್ಟು ಎಂದೋ ಅಂದಾಜಿಗೆ ಇಡುತ್ತಾರೆ. ಅಂದಾಜು ಬೇಕಿಲ್ಲ, ಲೆಕ್ಕ ಹಾಕಬಹುದು. 'ಕ' ಎಂಬ ಸಂಖ್ಯೆಯನ್ನು ದುಪ್ಪಟ್ಟು ಮಾಡಿ ಎರಡು ಸಲ 1 ಕಳೆದರೆ 2ಕ − 2, ಮೂರು ಹೆಜ್ಜೆ. ಮೊದಲೇ 1 ಕಳೆದು ದುಪ್ಪಟ್ಟು ಮಾಡಿದರೂ 2(ಕ − 1), ಅದೇ ಉತ್ತರ, ಎರಡೇ ಹೆಜ್ಜೆ. ಆದ್ದರಿಂದ ಅತಿ ಚಿಕ್ಕ ದಾರಿಯಲ್ಲಿ ಕೊನೆಯ ದುಪ್ಪಟ್ಟಿನ ಬಳಿಕ ಒಂದಕ್ಕಿಂತ ಹೆಚ್ಚು ಸಲ ಕಳೆಯುವ ಪ್ರಸಂಗ ಬರುವುದಿಲ್ಲ. ಗುರಿ 22 ಆದರೆ 23ಕ್ಕಿಂತ ಮೇಲೆ ಕಾಲಿಡುವುದು ವ್ಯರ್ಥ. ಮೂರರಷ್ಟು ಮಾಡುವ ಕ್ರಿಯೆಯೂ ಇದ್ದರೆ ಇದೇ ತರ್ಕದಿಂದ ಮಿತಿ ಗುರಿ + 2. ಕೆಳಗಿನ ಮಿತಿ 1: ಸೊನ್ನೆಗೆ ಇಳಿದರೆ ದುಪ್ಪಟ್ಟು ಮಾಡಿದರೂ ಸೊನ್ನೆಯೇ, ಮೇಲೇರಲು ದಾರಿ ಇಲ್ಲ. ಆರಂಭವೇ ಗುರಿಗಿಂತ ದೊಡ್ಡದಿದ್ದರೆ ಹುಡುಕಾಟವೇ ಬೇಡ. ಕೆಳಗಿಳಿಸುವುದು ಕಳೆಯುವ ಕ್ರಿಯೆ ಮಾತ್ರ, ಉತ್ತರ ಅವೆರಡರ ವ್ಯತ್ಯಾಸ.

ಈ ಎರಡೇ ಕ್ರಿಯೆಗಳಾದರೆ ಗುರಿಯಿಂದ ಹಿಂದಕ್ಕೆ ಬರುವ ಸುಲಭ ದಾರಿಯೂ ಇದೆ: ಸಮ ಸಂಖ್ಯೆಯಾದರೆ ಅರ್ಧ ಮಾಡಿ, ಬೆಸವಾದರೆ 1 ಕೂಡಿಸಿ, ಆರಂಭಕ್ಕೆ ಸಮನಾದರೆ ಮುಗಿಯಿತು, ಅದಕ್ಕಿಂತ ಕೆಳಗಿಳಿದರೆ ಉಳಿದ ಅಂತರವನ್ನು ಹೆಜ್ಜೆಗಳಿಗೆ ಸೇರಿಸಿ. 22, 11, 12, 6, 3. ಇದು ಸರಿಯೇ, ಆದರೆ ಕ್ರಿಯೆಗಳ ಪಟ್ಟಿ ಬದಲಾದರೆ ನಿಯಮವನ್ನು ಹೊಸದಾಗಿ ಸಾಧಿಸಬೇಕು. ಬಿಎಫ್‌ಎಸ್‌ಗೆ ಆ ತೊಂದರೆ ಇಲ್ಲ.

ತಪ್ಪು ನುಸುಳುವ ಜಾಗ 'ನೋಡಿದ್ದಾಗಿದೆ' ಎಂಬ ಗುರುತು. ಕ್ಯೂಗೆ ಸೇರಿಸುವಾಗಲೇ ಗುರುತು ಹಾಕಬೇಕು. ತೆಗೆಯುವಾಗ ಹಾಕಿದರೆ ಒಂದೇ ಸಂಖ್ಯೆ ಕ್ಯೂನಲ್ಲಿ ಹಲವು ಸಲ ಕೂರುತ್ತದೆ. ಉತ್ತರ ಸರಿ ಬರಬಹುದು, ಮೆಮೊರಿ ಮಾತ್ರ ಉಬ್ಬುತ್ತದೆ. ದಾರಿಯನ್ನು ಮುದ್ರಿಸಲು ಪ್ರತಿ ಸಂಖ್ಯೆ ಯಾವುದರಿಂದ ಬಂತು ಎಂದು ಬರೆದಿಡುತ್ತೇವಲ್ಲ, ಅಲ್ಲಿ ಏಟು ಇನ್ನೂ ಜೋರು. ಗುರುತು ನೋಡದೆ ಪ್ರತಿ ಸಲವೂ ತಿದ್ದಿದರೆ, ಆರಂಭದ 3ಕ್ಕೂ '4ರಿಂದ ಬಂತು' ಎಂದು ಬರೆದುಬಿಡುತ್ತದೆ. ಮೂಲವಿಲ್ಲದ ಸಂಖ್ಯೆ ಸಿಗುವವರೆಗೆ ಹಿಂದೆ ನಡೆಯುವ ಲೂಪ್ ಆಗ ಮುಗಿಯುವುದೇ ಇಲ್ಲ.

ಪೈಥಾನ್‌ನಲ್ಲಿ ಬರೆಯುವವರು ಕ್ಯೂಗೆ ಸಾದಾ ಲಿಸ್ಟ್ ಬಳಸಬೇಡಿ. ಲಿಸ್ಟ್‌ನ ಮೊದಲ ಅಂಶ ತೆಗೆದಾಗಲೆಲ್ಲ ಉಳಿದವೆಲ್ಲ ಒಂದೊಂದು ಸ್ಥಾನ ಮುಂದೆ ಸರಿಯುತ್ತವೆ. ಡೆಕ್ (deque), ಅಂದರೆ ಎರಡೂ ತುದಿಯಿಂದ ಬೇಗ ಸೇರಿಸಿ ತೆಗೆಯಬಹುದಾದ ಸಾಲು, ಬಳಸಿ.

ಹೆಜ್ಜೆಗಳ ಬೆಲೆ ಬೇರೆ ಬೇರೆ ಇದ್ದರೆ ಬಿಎಫ್‌ಎಸ್ ತಪ್ಪು ಉತ್ತರ ಕೊಡುತ್ತದೆ. 1 ಕಳೆಯುವ ಬದಲು 1 ಕೂಡಿಸುವ ಕ್ರಿಯೆ ಇದೆ, ದುಪ್ಪಟ್ಟಿಗೆ ಬೆಲೆ 3, ಕೂಡಿಸಲು ಬೆಲೆ 1 ಎನ್ನಿ. 2ರಿಂದ 4ಕ್ಕೆ ಬಿಎಫ್‌ಎಸ್ ಹೇಳುವುದು ಒಂದೇ ಹೆಜ್ಜೆ, ಬೆಲೆ 3. ಎರಡು ಸಲ 1 ಕೂಡಿಸಿದರೆ ಬೆಲೆ 2. ಇಲ್ಲಿ ಬೇಕಾದದ್ದು ಕಂಪ್ಯೂಟರ್ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ 1959ರಲ್ಲಿ ಪ್ರಕಟಿಸಿದ ವಿಧಾನ: ಸಾದಾ ಕ್ಯೂ ಬದಲು ಪ್ರಯಾರಿಟಿ ಕ್ಯೂ ಇಟ್ಟು, ಈವರೆಗಿನ ಬೆಲೆ ಅತಿ ಕಡಿಮೆ ಇರುವ ಸಂಖ್ಯೆಯನ್ನು ಮೊದಲು ತೆಗೆಯುವುದು. ಗುರುತಿನ ನಿಯಮ ಇಲ್ಲಿ ತಿರುಗಿಬೀಳುತ್ತದೆ. 4 ಮೊದಲು ಬೆಲೆ 3ಕ್ಕೆ ಒಳಸೇರುತ್ತದೆ, ಆಮೇಲೆ ಬೆಲೆ 2ಕ್ಕೆ ಮತ್ತೆ ಬರುತ್ತದೆ. ಸೇರಿಸುವಾಗಲೇ ಗುರುತು ಹಾಕಿದ್ದರೆ ಅಗ್ಗದ ದಾರಿಗೆ ಬಾಗಿಲು ಮುಚ್ಚಿದಂತೆ. ಹೊರತೆಗೆದಾಗ ಮಾತ್ರ ಗುರುತು ಹಾಕಿ, ಅದೇ ಸಂಖ್ಯೆ ಹೆಚ್ಚಿನ ಬೆಲೆಗೆ ಮತ್ತೆ ಹೊರಬಂದರೆ ಬಿಟ್ಟುಬಿಡಿ.